ಮೆರ್ಲಿಟಾಳ ಮದುವೆಯನ್ನು ಬರೆಯಕೂಡದು

೧
ಎಲ್ಲಿಂದ ಶುರು ಮಾಡಲಿ? ಮದುವೆಯಿಂದ ಅಂದಿರಾ? ತೊಂದರೆಯೇ ಅದು. ಮನಿಲಾದಿಂದ ಸಮುದ್ರದಾಚೆಯ ನಮ್ಮ ಇಲೊಯಿಲೊ ಪೇಟೆಯಲ್ಲಿ ನನ್ನ ಪ್ರೇಮ ಕಾದಂಬರಿಗಳು ಖರ್ಚಾಗುವುದೇ ಕೊನೆಯ ಪುಟದ ಮದುವೆಯಿಂದ. ಈ ಕಥೆಯಲ್ಲಿ ಮಾತ್ರ ಮದುವೆಯ ಒಂದು ಸಾಲು ಬರೆದರೂ ನಾಯಕಿ ಕಾದ ಹನ್ನೊಂದು ವರ್ಷ ನೀರುಪಾಲು.

(ನಾಯಕಿ ನನ್ನ ಪಕ್ಕದ ಮನೆಯವಳು. ಹೆಸರು ಬದಲಾಯಿಸಿದ್ದೇನೆ. ಬದಲಾಯಿಸಿದ್ದೇನೆ ಅಂತಲೇ ನಂಬಿ, ಪುಣ್ಯ ಬರುತ್ತದೆ.)

೨
ಮೆರ್ಲಿಟಾ ಪುಟ್ಟವಳಿದ್ದಾಗಲೇ ತಾಯಿ ಪಾಸಿಟಾ ಅವಳನ್ನು ಅಜ್ಜಿ ಸಲುದಳ ಮಡಿಲಿಗೆ ಹಾಕಿ, ಮುದುಕರ ಆರೈಕೆಯ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದಳು. ಅಲ್ಲಿ ತಮ್ಮ ಎಲ್ವಿನ್ ಹುಟ್ಟಿದ. ಹುಟ್ಟಿದ್ದೇ ತಡ, ಅಮೆರಿಕದ ಪ್ರಜೆ. ಅವನು ದೊಡ್ಡವನಾಗಿ ತಾಯಿಗೆ ಗ್ರೀನ್ ಕಾರ್ಡ್ ಕೊಡಿಸಿದ. ಹನ್ನೊಂದು ವರ್ಷದ ಹಿಂದೆ ತಾಯಿ ಮಗಳಿಗಾಗಿ ಅರ್ಜಿ ಹಾಕಿದಳು. ಷರತ್ತು ಒಂದೇ: ಅಲ್ಲಿಗೆ ಹೋಗಿ ಇಳಿಯುವವರೆಗೆ ಮಗಳು ಮದುವೆಯಾಗಕೂಡದು. ಆದಳೋ, ಅರ್ಜಿ ಸತ್ತಂತೆಯೇ.

ಹುಟ್ಟಿದ ಮಾತ್ರಕ್ಕೆ ಪ್ರಜೆಯೇ, ಒಬ್ಬ ಬಂದರೆ ವಂಶವೆಲ್ಲ ಬರಬೇಕೇ ಎಂದು ಅಲ್ಲಿಯವರು ಟೀವಿಯಲ್ಲಿ ಕಿತ್ತಾಡುತ್ತಾರೆ. ಎಲ್ವಿನ್ನೂ ಒಮ್ಮೆ ಫೋನಿನಲ್ಲಿ, ಎಲ್ಲರೂ ಸಾಲಿನಲ್ಲಿ ನಿಂತೇ ಬರಬೇಕು ಎಂದು ಉಪದೇಶ ಶುರುಮಾಡಿದ.

"ನೀನು ಯಾವ ಸಾಲಲ್ಲಿ ನಿಂತು ಹುಟ್ಟಿದ್ಯೋ, ತಮ್ಮಾ?" ಎಂದಳು ಮೆರ್ಲಿಟಾ.

೩
ಮೊದಲ ಕರಡಿನಲ್ಲಿ ಅವಳಿಗೂ ವೆಲ್ಡಿಂಗ್ ಕೆಲಸದ ಆರ್ನೆಲ್‌ಗೂ ಚರ್ಚಿನಲ್ಲಿ ಜೋರಾಗಿ ಮದುವೆ ಮಾಡಿಸಿದ್ದೆ. ಎಷ್ಟೋ ವರ್ಷಗಳಿಂದ ಒಂದೇ ಸೂರಿನಡಿ ಇರುವವರು, ಪಾಪ.

"ಅಕ್ಕಾ, ಬರೋ ತಿಂಗಳು ಮನಿಲಾದಲ್ಲಿ ನನ್ನ ವೀಸಾ ಇಂಟರ್‌ವ್ಯೂ ಇದೆ. ನಿನ್ನ ಕಥೆಗೋಸ್ಕರ ನನ್ನ ಬಾಳು ಹಾಳು ಮಾಡ್ತೀಯಾ?" ಎಂದು ರೇಗಿದಳು ಮೆರ್ಲಿಟಾ.

ಇದು ಬರೀ ಕಥೆ ಕಣೇ ಎಂದೆ. ಊರಿನವರಿಗೆ ಕಥೆಗೂ ಚಾಡಿಗೂ ವ್ಯತ್ಯಾಸ ಗೊತ್ತಿಲ್ಲ ಅಂದಳು. ಅದು ನಿಜ.

೫
(ನಾಲ್ಕನೆಯದನ್ನು ಅವಳೇ ಹರಿದು ಒಲೆಗೆ ಹಾಕಿದಳು.)

ನಿನ್ನೆ ಮಧ್ಯಾಹ್ನ ಅಜ್ಜಿಗೆ ಉಬ್ಬಸ ಹೆಚ್ಚಾಯಿತು. ಫಾದರ್ ಬಂದು, ಸಾಯುವವರಿಗೆ ಹಚ್ಚುವ ಪವಿತ್ರ ತೈಲವನ್ನು ಹಣೆಗೆ ಹಚ್ಚಿದರು. ಅಷ್ಟಕ್ಕೆ ಮುಗಿಯಿತು ಅಂದುಕೊಂಡೆವು. ಅಜ್ಜಿ ಬಿಟ್ಟಾಳೆಯೇ? ಮೆರ್ಲಿಟಾಳ ಕೈಯನ್ನು ಆರ್ನೆಲ್‌ನ ಕೈಮೇಲಿಟ್ಟು ಗಟ್ಟಿಯಾಗಿ ಹಿಡಿದಳು.

"ಇವರನ್ನ ಹೀಗೇ ಬಿಟ್ಟು ಹೋದ್ರೆ ಮೇಲಿರೋನಿಗೆ ಏನಂತ ಹೇಳ್ಲಿ? ಆ ಮದುವೆ ಮಂತ್ರ ಹೇಳಿಬಿಡಿ ಫಾದರ್. ನಾನು ಕಿವಿಯಾರೆ ಕೇಳ್ಬೇಕು."

ಫೋನಿನ ಪರದೆಯಲ್ಲಿ ಪಾಸಿಟಾ ಅಳುತ್ತಿದ್ದಳು. ಬೇಡ ಮಗಳೇ, ಇನ್ನೊಂದೇ ತಿಂಗಳು ತಡಿ ಎಂದು ಗೋಗರೆದಳು.

"ಅಜ್ಜಿಗೂ ಒಂದು ತಿಂಗಳು ಸ್ಪಾನ್ಸರ್ ಮಾಡ್ತೀಯಾ, ಅಮ್ಮಾ?"

 

೬
ಅಂತ್ಯ ಒಂದು: ಮೆರ್ಲಿಟಾ ಕೈ ಎಳೆದುಕೊಂಡಳು. ತನ್ನನ್ನು ಸಾಕಿದವಳ ಕೊನೆಯ ಆಸೆ ಆಸೆಯಾಗಿಯೇ ಉಳಿಯಿತು.

ಅಂತ್ಯ ಎರಡು: ಫಾದರ್ ಮಂತ್ರ ಹೇಳಿದರು. ಮನಿಲಾದಲ್ಲಿ ಅವಳು ಪ್ರಮಾಣ ಮಾಡಿ ಸುಳ್ಳು ಹೇಳಬೇಕು, ಇಲ್ಲವೇ ಗೇಟಿನಿಂದಲೇ ವಾಪಸ್ಸಾಗಬೇಕು.

ನೀವು ಎರಡನೆಯದನ್ನೇ ಆರಿಸಿದಿರಿ, ಗೊತ್ತು. ನನ್ನ ಓದುಗರ ಹಣೆಬರಹವೇ ಅಷ್ಟು. ಆದರೆ ನಿಮ್ಮಲ್ಲೊಬ್ಬರು ಮನಿಲಾದ ವೀಸಾ ಕಚೇರಿಯ ಆ ಗಾಜಿನ ಕಿಟಕಿಯ ಹಿಂದೆ ಕೂತಿರುವವರೂ ಆಗಿರಬಹುದಲ್ಲ? ನನಗೆ ಭಯವಾಗುತ್ತದೆ.

೭
ಅಜ್ಜಿ ಹಿಡಿದ ಬಲಗೈಯನ್ನು ಬಿಡಿಸಿಕೊಳ್ಳದೆಯೇ ಮೆರ್ಲಿಟಾ ಎಡಗೈಯಿಂದ ಫೋನನ್ನು ಕವುಚಿ ಹಾಕಿದಳು. ನಾನು ಎದ್ದು ಬಾಗಿಲು ಹಾಕಿದೆ.

ಸ್ವಲ್ಪ ಹೊತ್ತಿಗೆ ಅಜ್ಜಿ ಹೋದಳು, ನಗುತ್ತಲೇ ಹೋದಳು. ಯಾಕೆ ನಕ್ಕಳು ಅಂತ ಯಾರು ಬಂದು ಕೇಳಿದರೂ, ನನಗೆ ಗೊತ್ತಿಲ್ಲ.