ಬೆನ್ನು ಬರೆದ ಗೋಡೆ

“ಇದೇನೇ ಲಿಂಡಾ, ಬರೀ ಕುಂಡಿ, ಬೆನ್ನು? ಇವಕ್ಕೆ ಮುಖ ಇಲ್ವಾ? ಹೆದ್ದಾರೀಲಿ ಹೋಗೋರು ನನ್ನ ಲೆಟಿಸ್ ಸೊಪ್ಪು ಕೊಳ್ಳಬೇಕಾ, ವಾಂತಿ ಮಾಡ್ಬೇಕಾ?”

ಸೊಪ್ಪು ತುಂಬುವ ಶೆಡ್ಡಿನ ಗೋಡೆಗೆ ಅವಳು ಬರೆದಿದ್ದ ಚಿತ್ರದೆದುರು ನಿಂತು ದಣಿ ಹ್ಯಾಸ್ಕಲ್ ಉಗಿದ. ಅವಳ ಹೆಸರು ಎರ್ಲಿಂಡಾ. ಅದನ್ನು ಅರ್ಧಕ್ಕೆ ಕತ್ತರಿಸಿದವಳು ಶಾಲೆಯ ಮೇಡಂ. ಅವ್ವನ ಭಾಷೆ ಆಡಿದಾಗಲೆಲ್ಲ ಬಾಯಿಗೆ ಸೋಪು ತುರುಕಿದವಳೂ ಅವಳೇ.

“ಪಟ್ಟಣದಲ್ಲಿ ಚಿತ್ರ ಕಲಿತವಳು, ಪೇಪರಿಗೆ ಕಥೆ ಬೇರೆ ಬರೀತೀಯ ಅಂತ ಕರೆಸಿದೆ. ಎಲ್ಲರನ್ನೂ ನೆಟ್ಟಗೆ ನಿಲ್ಲಿಸು, ನಗಿಸು. ಕೆಳಗೆ ‘ನಗುವ ಕೈಗಳ ಬೆಳೆ’ ಅಂತ ಬರಿ. ಇಲ್ದಿದ್ರೆ ನಾಳೆಯಿಂದ ನಿಮ್ಮವ್ವನಿಗೆ ಕೆಲಸಾನೂ ಇಲ್ಲ, ಕೂಲಿಯವರ ಕ್ಯಾಂಪಲ್ಲಿ ಗುಡಿಸಲೂ ಇಲ್ಲ.”

ಮೊದಲ ವಾರ ಅವಳು ಬರೆದದ್ದೂ ಹಾಗೇ, ಎತ್ತಿದ ತಲೆ, ಅರಳಿದ ಮುಖ. ಊಟದ ಹೊತ್ತಿಗೆ ಹೊಲದಿಂದ ಬಂದ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು.

“ಇವ್ಳ್ಯಾವಳಮ್ಮೀ? ಮದ್ವೆಗೆ ಹೊಂಟವ್ಳೆ!” ಎಂದಿದ್ದಳು ತೋಮಾಸಾ. “ಬಿಳೇ ಅಮ್ಮೋರು ಬರ್ದವ್ರೆ ಕಣೇ. ಅವ್ರ ಹೊಲ್ದಾಗೆ ನಿಂತ್ಕಂಡೇ ಕಳೆ ಕೀಳ್ತಾರೆ.”

ಅವ್ವ ಎಸ್ತೋಲಿಯಾ ನಗಲಿಲ್ಲ. “ಮೊಳದುದ್ದಾನೂ ಹಿಡಿ ಇಲ್ದಿರೋ ಗುದ್ದಲಿ ಕೊಟ್ಟವ್ನೆ ದಣಿ. ಯಾರಾರ ಸೊಂಟ ಎತ್ತುದ್ರೆ ದೂರದಿಂದ್ಲೇ ಮೇಸ್ತ್ರಿಗೆ ಕಾಣ್ಲಿ ಅಂತ. ಸಾಲ್ನಾಗೆ ಮುಖ ಯಾರ್ ಕಂಡವ್ರೆ? ನಾವು ಬೆನ್ ನೋಡೇ ಗುರ್ತು ಹಿಡಿಯೋದು. ಮರ್ತ್ಯಾ?”

ಮರೆತಿದ್ದಳು. ಹದಿನೈದಕ್ಕೇ ಈ ಸಲೀನಸ್ ಬಯಲು ಬಿಟ್ಟು ಪಟ್ಟಣ ಸೇರಿದವಳು. ನಾಚಿಕೆಯಿಂದ ಮೈ ಹಿಡಿಯಾಯಿತು. ಎಲ್ಲ ಅಳಿಸಿ ಹನ್ನೆರಡು ಬೆನ್ನು ಬರೆದಳು. ಹೆಂಗಸರು ಗೋಡೆಯ ಮೇಲೆ ಒಬ್ಬರ ಬೆನ್ನನ್ನೊಬ್ಬರು ಬೆರಳಿಟ್ಟು ತೋರಿಸಿದರು. ಅಷ್ಟೇ. ಮೆಕ್ಕೆಜೋಳದ ರೊಟ್ಟಿ ಬಿಚ್ಚಿ ಕೂತಾಗ ಯಾರೂ ಅವಳಿಗೆ ಜಾಗ ಬಿಡಲಿಲ್ಲ. ಪಟ್ಟಣದಲ್ಲಿ ಅವಳು ಮೆಕ್ಸಿಕೋದವಳು, ಇಲ್ಲಿ ಬಿಳೇ ಅಮ್ಮೋರು. ಎರಡು ಮನೆಯ ನಂಟು, ಎರಡರಲ್ಲೂ ಉಪವಾಸ.

ಈಗ ಸುಣ್ಣದ ಬಕೆಟ್ಟಿಗೆ ಬ್ರಶ್ಶು ಅದ್ದಿದಳು. ಅವ್ವನ ಗುಡಿಸಲು ಹೋಗಬಾರದು. ಹೊಲದಲ್ಲಿ ಬಗ್ಗಿದ್ದವರು ಬಗ್ಗಿದಲ್ಲೇ ಕತ್ತು ತಿರುಗಿಸಿ ನೋಡಿದರು. ಮೊದಲು ತೋಮಾಸಾಳ ಬೆನ್ನು ಸುಣ್ಣದಡಿ ಹೋಯಿತು. ಕೊನೆಗೆ, ನೆಲಕ್ಕೆ ಹತ್ತಿರವಿದ್ದ ಅವ್ವನ ಬೆನ್ನು.

ಅವ್ವ ಸಾಲು ಬಿಟ್ಟು ಬಂದಳು. ಸೊಂಟ ಪೂರ್ತಿ ನೆಟ್ಟಗಾಗಿರಲಿಲ್ಲ.

“ಯಾಕೆ ಬಳಿದೆ?”

“ನಿನ್ನ ಗುಡಿಸಲು, ಅವ್ವಾ...” ಅವ್ವನ ಭಾಷೆ ಅವಳ ಬಾಯಲ್ಲಿ ತೊದಲಿತು.

“ಗುಡಿಸ್ಲು ಉಳಿಸ್ಕೊಡು ಅಂತ ಕೇಳಿದ್ನಾ ನಿನ್ನ?”

“ಏಯ್ ಮುದ್ಕಿ!” ಮೇಸ್ತ್ರಿ ಕೂಗಿದ. “ಸಾಲಿಗ್ ಹೋಗೇ ಬೋಳಿ ಮುಂಡೆ! ಹೆಸ್ರು ಹೊಡ್ದಾಕ್ತೀನಿ!”

“ಹೊಡ್ದಾಕ್ಕ ಹೋಗ್ಲಾ!”

ಅವ್ವ ಮೊಣಕಾಲೂರಿ ಹಸಿ ಸುಣ್ಣವನ್ನು ಗುದ್ದಲಿಯಿಂದ ಕೆರೆಯತೊಡಗಿದಳು. ಬೆನ್ನು ಗೀರುಗಳ ಸಮೇತ ತುಸು ತುಸುವೇ ಹೊರಬಂತು. ಬೇರೆ ಯಾರೂ ಸಾಲು ಬಿಟ್ಟು ಏಳಲಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ನೆಟ್ಟಗೆ ನಿಂತಿದ್ದ ಹೆಂಗಸು ಎರ್ಲಿಂಡಾ ಒಬ್ಬಳೇ.

“ಬಗ್ಗೇ,” ಎಂದಳು ಅವ್ವ, ತಿರುಗಿಯೂ ನೋಡದೆ. “ನಿಂತ್ಕಂಡ್ ಆಗೋ ಕೆಲ್ಸ ಅಲ್ಲ ಇದು.”

ಇದ್ದದ್ದು ಒಂದೇ ಗುದ್ದಲಿ. ಎರ್ಲಿಂಡಾ ಬಗ್ಗಿ ಉಗುರಿನಿಂದ ಕೆರೆದಳು. ದಣಿ ಹೇಳಿದ ಸಾಲು ಬರಬೇಕಿದ್ದ ಜಾಗದಲ್ಲಿ, ಹಸಿ ಸುಣ್ಣದಲ್ಲೇ, ಅವ್ವನ ಪೂರ್ತಿ ಹೆಸರು ಗೀರಿದಳು.

ಅವ್ವನಿಗೆ ಓದಲು ಬಾರದು. ಏನು ಬರೆದೆ ಎಂದು ಅವಳು ಕೇಳಲೂ ಇಲ್ಲ.