ತಗಡಿನ ಮೇಲಿನ ಉಗುರು

ಹೆಂಡತಿ ತೀರಿಕೊಂಡ ಮೇಲೆ ಡ್ರೈವರ್ ಮಗಳ ಮನೆಗೆ ಬಂದ. ಮಗಳದು ಕೂದಲು ಕತ್ತರಿಸುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ. ಅವಳು ಆ ಬೀದಿಯಲ್ಲಿ ಅಂಗಡಿ ಹಿಡಿದ ದಿನವೇ ಅವನು, "ಇಷ್ಟು ದೊಡ್ಡ ಊರಲ್ಲಿ ಬೇರೆ ಬೀದಿ ಸಿಗಲಿಲ್ವಾ ನಿನಗೆ?" ಎಂದು ಕೇಳಿದ್ದ. "ಈ ಬೀದಿಗೆ ಏನಾಗಿದೆ?" ಎಂದಿದ್ದಳು. ಅವನು ಮಾತು ಬದಲಿಸಿದ್ದ. ಎಂಟು ವರ್ಷ ಏನೇನೋ ನೆಪ ಹೇಳಿ ಆ ಕಡೆ ಕಾಲಿಡದೆ ತಪ್ಪಿಸಿಕೊಂಡಿದ್ದ. ಈಗ ನೆಪಗಳೆಲ್ಲ ಮುಗಿದಿದ್ದವು.

ಅದು ಬೆಕ್ಕುಗಳ ಬೀದಿ. ಯಾರದೂ ಅಲ್ಲದ, ಎಲ್ಲರದೂ ಆದ ಬೆಕ್ಕುಗಳು. ದರ್ಜಿ ಉಳಿದ ಉಣ್ಣೆಯ ತುಂಡುಗಳಿಂದ ಅವಕ್ಕೆ ಹಾಸಿಗೆ ಹೊಲಿಯುತ್ತಿದ್ದ. ಬಡಗಿ ಹಳೆಯ ಡ್ರಾಯರುಗಳಿಗೆ ಸೂರು ಹೊಡೆದು ಗೋಡೆಯುದ್ದಕ್ಕೂ ಪುಟ್ಟ ಮನೆಗಳನ್ನು ಸಾಲಾಗಿ ಇಟ್ಟಿದ್ದ. ಪ್ರತಿ ಮೆಟ್ಟಿಲ ಬುಡದಲ್ಲೂ ಒಂದು ನೀರಿನ ಬಟ್ಟಲು. ಅಂಚೆ ಕಚೇರಿಯಲ್ಲಿ ಫಾರಂಗಳ ಕಟ್ಟಿನ ಮೇಲೆ ಬೆಕ್ಕು ಮಲಗಿದ್ದರೆ ಗುಮಾಸ್ತೆ ಬಂದವರಿಗೆ, "ಸ್ವಲ್ಪ ಕೂತ್ಕೊಳ್ಳಿ, ಅದು ಏಳ್ಲಿ" ಎನ್ನುತ್ತಿದ್ದಳು, ಜನ ಕೂರುತ್ತಿದ್ದರು. ಮಗಳ ಅಂಗಡಿಯ ಎರಡು ಕುರ್ಚಿಗಳಲ್ಲಿ ಒಂದು 'ಇನ್‌ಸ್ಪೆಕ್ಟರ್' ಎಂಬ ದಪ್ಪ ಕಂದು ಬೆಕ್ಕಿಗೇ ಮೀಸಲು. ಅದು ಮಲಗಿರುವಾಗ ಗಿರಾಕಿಗಳು ಗೋಡೆಗೆ ಒರಗಿ ನಿಂತು ಕಾಯುತ್ತಿದ್ದರು, ಒಬ್ಬರೂ ಗೊಣಗುತ್ತಿರಲಿಲ್ಲ.

"ಎಬ್ಬಿಸಬಾರದಾ?" ಎಂದು ಡ್ರೈವರ್ ಮೊದಲ ದಿನ ಕೇಳಿದ.

"ಇನ್‌ಸ್ಪೆಕ್ಟರ್‌ನ ಎಬ್ಬಿಸೋದಾ? ನನ್ನ ಅಂಗಡಿ ಮುಚ್ಚಿಸ್ತಾರೆ ಅಷ್ಟೆ" ಎಂದು ಮಗಳು ನಕ್ಕಳು.

ಆ ಬೆಕ್ಕು ಎರಡನೆಯ ದಿನ ಕುರ್ಚಿಯಿಂದಿಳಿದು ಬಂದು ಅವನ ಪಾದದ ಮೇಲೆ ಮಲಗಿತು. ಮೂರನೆಯ ದಿನ ಇನ್ನೆರಡು ಬಂದವು. ವಾರದೊಳಗೆ ಅವನು ಹೊರಗೆ ಮೆಟ್ಟಿಲ ಮೇಲೆ ಕೂತರೆ ಸಾಕು, ಸುತ್ತ ಆರೇಳು ಸೇರುತ್ತಿದ್ದವು. "ಬೆಕ್ಕುಗಳಿಗೆ ಮನುಷ್ಯರ ಗುಣ ಗೊತ್ತಾಗುತ್ತೆ. ನಿಮ್ಮಪ್ಪ ಬಹಳ ಒಳ್ಳೆಯವರು" ಎಂದು ದರ್ಜಿ ಮಗಳಿಗೆ ಹೇಳಿದ. ಡ್ರೈವರ್ ಎದ್ದು ಒಳಗೆ ಹೋದ. ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದ.

ಆಮೇಲೆ ಸದ್ದು ಶುರುವಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಮಗಳು ಅಂಗಡಿಯ ತಗಡಿನ ಶಟರ್ ಪೂರ್ತಿ ಕೆಳಗೆಳೆಯುತ್ತಿದ್ದಳು. ಅವನು ತಟ್ಟೆಯ ಮುಂದೆ ಕೂತಿದ್ದಾಗ ಹೊರಗಿನಿಂದ ಯಾರೋ ಆ ತಗಡಿನ ಮೇಲೆ ಉಗುರು ಎಳೆದಂತೆ ಕೇಳಿಸಿತು. ಮೂರು ಸಲ. ಸ್ವಲ್ಪ ಬಿಟ್ಟು, ಮತ್ತೆ ಎರಡು ಸಲ. "ಯಾರೋ ತಗಡು ಕೆರೀತಿದಾರೆ" ಎಂದು ಅವನು ತುತ್ತು ಬಿಟ್ಟು ಎದ್ದು ಹೋಗಿ ಶಟರ್ ಎತ್ತಿದ. ಬೀದಿ ಬಿಸಿಲಲ್ಲಿ ಖಾಲಿ ಬಿದ್ದಿತ್ತು. ಎದುರಿನ ಗೋಡೆಯ ಮೇಲಿದ್ದ ಬೆಕ್ಕುಗಳೆಲ್ಲ ಕಣ್ಣು ಮುಚ್ಚಿ ಮಲಗಿದ್ದವು.

"ಬೆಕ್ಕು ಕೆರೆದಿರುತ್ತೆ, ಅಪ್ಪ. ಊಟ ಮಾಡು."

"ಅಲ್ಲಿ ಬೆಕ್ಕು ಇರಲಿಲ್ಲ."

"ಓಡಿಹೋಗಿರುತ್ತೆ."

ಮರುದಿನ ಮತ್ತೆ ಕೇಳಿಸಿತು. ಅದರ ಮರುದಿನವೂ. ಮಗಳಿಗೆ ಒಂದು ದಿನವೂ ಕೇಳಿಸಲಿಲ್ಲ. ಅವನು ಶಟರಿನ ಹೊರಮೈಯನ್ನು ಅಂಗೈಯಿಂದ ಸವರಿ ನೋಡಿದ. ಒಂದು ಗೀರೂ ಇರಲಿಲ್ಲ. ಆದರೆ ಆ ಸದ್ದು ಅವನಿಗೆ ಹೊಸದಲ್ಲ. ಮೂವತ್ತೊಂದು ವರ್ಷಗಳ ಹಿಂದೆ, ಇದೇ ಬೀದಿಯಿಂದ ಹೊರಟ ಲಾರಿಯಲ್ಲಿ, ಅವನ ಬೆನ್ನ ಹಿಂದಿನ ತಗಡಿನಿಂದ ಅದು ಇಷ್ಟೇ ಸಲ, ಹೀಗೇ ಬಂದಿತ್ತು.

ಆಗ ಅವನು ನಗರಸಭೆಯ ಕಸದ ಲಾರಿ ಓಡಿಸುತ್ತಿದ್ದ. ಬೆಕ್ಕುಗಳಿಂದ ಯಾವುದೋ ಜ್ವರ ಹರಡುತ್ತಿದೆ ಎಂಬ ಗಾಳಿಮಾತು ಎದ್ದು, ಮೇಲಿನಿಂದ ಒಂದು ಆದೇಶ ಬಂತು. ಒಂದು ಸಂಜೆ ಕೆಲಸಗಾರರು ಈ ಬೀದಿಯ ಉದ್ದಕ್ಕೂ ವಿಷ ಬೆರೆಸಿದ ಮಾಂಸ ಇಟ್ಟರು. ಬೆಳಗಾದ ಮೇಲೆ ಬಿದ್ದವನ್ನೆಲ್ಲ ಗೋಣಿಚೀಲಗಳಲ್ಲಿ ತುಂಬಿ ಅವನ ಲಾರಿಗೆ ಎಸೆದರು. ಅವನು ಸ್ಟೀರಿಂಗ್ ಬಿಟ್ಟು ಇಳಿಯಲಿಲ್ಲ. ಒಂಬತ್ತು ಗಂಟೆಗೆ, ದೂರದ ಇನ್ನೊಂದು ಬಡಾವಣೆಯಲ್ಲಿ ಶಾಲೆಯ ಮಕ್ಕಳು ರಸ್ತೆ ದಾಟಲೆಂದು ಲಾರಿ ನಿಲ್ಲಿಸಿದಾಗ, ಹಿಂದೆ ಕೇಳಿಸಿತು: ತಗಡಿನ ಮೇಲೆ ಉಗುರು. ಮೂರು ಸಲ, ಆಮೇಲೆ ಎರಡು. ಯಾವುದೋ ಒಂದು ಚೀಲದಲ್ಲಿ ಯಾವುದೋ ಒಂದಕ್ಕೆ ಇನ್ನೂ ಜೀವವಿತ್ತು. ಅವನು ಇಳಿದು ನೋಡಬಹುದಿತ್ತು. ಮಕ್ಕಳು ದಾಟಿದರು, ಅವನು ಗೇರು ಹಾಕಿದ. ಊರಾಚೆ ತೋಡಿದ್ದ ಗುಂಡಿಯ ಅಂಚಿಗೆ ಲಾರಿ ಹಿಮ್ಮುಖವಾಗಿ ತಂದು ನಿಲ್ಲಿಸಿ, ಲೋಡು ಸುರಿಯುವ ಲಿವರ್ ಎಳೆದ. ಎಳೆಯುವಾಗಲೂ ಸದ್ದು ಬರುತ್ತಿತ್ತು.

ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಅಂಗಡಿಯ ಮೇಲಿನ ಮಹಡಿಯಲ್ಲಿ ಟೀಚರಮ್ಮ ಇದ್ದರು. ಹಿಂದೆ ಬೀದಿಯ ಶಾಲೆಗೆ ಮುಖ್ಯೋಪಾಧ್ಯಾಯಿನಿ. ಈಗ ಎಂಬತ್ತರ ಹತ್ತಿರ, ಒಂಟಿ ಜೀವ. ಬೀದಿಗೆ ಬೆಕ್ಕಿನ ಹುಚ್ಚು ಹತ್ತಿಸಿದವರೇ ಅವರು ಎಂದು ಎಲ್ಲರೂ ಹೇಳುತ್ತಿದ್ದರು. ಮೊದಲ ನೀರಿನ ಬಟ್ಟಲು ಇಟ್ಟವರು ಅವರು. ಬಟ್ಟಲು ಒದ್ದ ಹುಡುಗರ ಕಿವಿ ಹಿಂಡಿದವರೂ ಅವರೇ. ಅವರ ಮನೆಯ ಬಾಗಿಲು ಒಂದು ಗೇಣು ತೆರೆದೇ ಇರುತ್ತಿತ್ತು. ಒಂದು ಬೆಳಗ್ಗೆ ಅವರು ಕೆಳಗೆ ಬಂದು ಡ್ರೈವರ್‌ಗೆ ಹೇಳಿದರು: "ನಿಮಗೆ ಕೈಕೆಲಸ ಬರುತ್ತಂತೆ. ನನ್ನ ಬಾಗಿಲು ಗಾಳಿಗೆ ತಾನೇ ಮುಚ್ಚಿಕೊಳ್ತಾ ಇದೆ. ಮುಚ್ಚದ ಹಾಗೆ ಏನಾದ್ರೂ ಮಾಡಿಕೊಡಿ."

ಅವನು ಬಾಗಿಲ ಬುಡಕ್ಕೆ ಮರದ ಬೆಣೆ ಕೆತ್ತುತ್ತಾ, "ಕಳ್ಳರ ಭಯ ಇಲ್ವಾ?" ಎಂದು ಕೇಳಿದ.

"ಕಳ್ಳರು ಬಂದ್ರೆ ಮೆಟ್ಟಿಲು ಹತ್ತಿದ ಸುಸ್ತಿಗೆ ನೀರು ಕೊಟ್ಟು ಕಳಿಸ್ತೀನಿ. ಇದು ನನ್ನ ಮಸಿಗೋಸ್ಕರ. ಬಿಳೀ ಬೆಕ್ಕು, ಗಲ್ಲದ ಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು. ಆ ವಿಷ ಇಟ್ಟ ವರ್ಷ ಹೋಯ್ತು. ಸತ್ತಿದ್ದನ್ನ ಕಣ್ಣಾರೆ ನೋಡಿಲ್ಲ ನೋಡಿ. ಅದಕ್ಕೆ."

ಡ್ರೈವರ್‌ನ ಕೈಯಲ್ಲಿದ್ದ ಉಳಿ ಜಾರಿ ಹೆಬ್ಬೆರಳಿಗೆ ತಗುಲಿತು. ಟೀಚರಮ್ಮ ಹತ್ತಿ ತಂದು ಸುತ್ತಿದರು. ಸುತ್ತುತ್ತಿರುವಾಗಲೇ ಅವನ ಬಾಯಿಂದ ಮಾತು ಹೊರಬಿತ್ತು.

"ಆ ಲಾರಿ ಓಡಿಸಿದ್ದು ನಾನು."

ಟೀಚರಮ್ಮನ ಕೈ ನಿಲ್ಲಲಿಲ್ಲ. ಗಂಟು ಹಾಕಿ ಮುಗಿಸಿ, ಎದುರಿನ ಕುರ್ಚಿಯಲ್ಲಿ ಕೂತರು. ಅವನು ಎಲ್ಲವನ್ನೂ ಹೇಳಿದ. ರಸ್ತೆಯಲ್ಲಿ ಕೇಳಿಸಿದ ಸದ್ದು, ಲಿವರ್, ಈಗ ಮಧ್ಯಾಹ್ನ ಶಟರಿನ ಮೇಲೆ ಬರುವ ಸದ್ದು. ಅವರು ಒಂದೇ ಪ್ರಶ್ನೆ ಕೇಳಿದರು.

"ಅದು ಯಾವುದು ಅಂತ ನೋಡಲಿಲ್ವಾ?"

"ಇಲ್ಲ."

"ನೋಡಬೇಕಾಗಿತ್ತು" ಎಂದರು. ದನಿ ಏರಲಿಲ್ಲ. ಕಿಟಕಿಯ ಕಡೆಗೆ ತಿರುಗಿದರು. ಅವನು ಎದ್ದು ಹೊರಡಲು ನೋಡಿದಾಗ, "ಕೂತ್ಕೊಳ್ಳಿ. ನಾನು ಹೇಳೋದು ಮುಗಿದಿಲ್ಲ, ಇನ್ನೂ ಶುರುನೇ ಮಾಡಿಲ್ಲ" ಎಂದರು.

ವಿಷ ಇಡುವ ಎರಡು ದಿನ ಮೊದಲೇ ನಗರಸಭೆಯಿಂದ ಅವರ ಶಾಲೆಗೆ ಪತ್ರ ಬಂದಿತ್ತು. ಬೆಕ್ಕುಗಳಿಗೆ ವಿಷ ಇಡಲಾಗುತ್ತದೆ, ಮಕ್ಕಳು ಬೀದಿಯಲ್ಲಿ ಬಿದ್ದದ್ದನ್ನು ಮುಟ್ಟದಂತೆ ಎಚ್ಚರಿಸಿ, ಉಳಿದವರಿಗೆ ತಿಳಿಸಬೇಡಿ, ಗಲಾಟೆಯಾಗುತ್ತದೆ ಎಂದು ಅದರಲ್ಲಿತ್ತು. ಅವರು ಮಕ್ಕಳಿಗೆ ಹೇಳಿದರು. ಬೀದಿಯವರಿಗೆ ಹೇಳಲಿಲ್ಲ. ಆಗಷ್ಟೇ ಮುಖ್ಯೋಪಾಧ್ಯಾಯಿನಿ ಹುದ್ದೆ ಸಿಕ್ಕಿತ್ತು. ಮಸಿಯನ್ನು ಮಾತ್ರ ಮನೆಯೊಳಗೆ ಕೂಡಿ ಚಿಲಕ ಹಾಕಿದರು. ಅದು ರಾತ್ರಿಯಿಡೀ ಬಾಗಿಲು ಕೆರೆದು ಕೂಗಿತು. ಬೆಳಗಿನ ಜಾವ ಅವರಿಗೆ ತಡೆಯಲಾಗಲಿಲ್ಲ; ಪಕ್ಕದ ಮನೆಯವರಿಗೆ ಅನುಮಾನ ಬರುತ್ತದೆ ಎಂಬ ಅಳುಕು ಬೇರೆ. ಒಂದು ಗಳಿಗೆ ಬಾಗಿಲು ತೆಗೆದರು. ಅಷ್ಟೇ ಸಾಕಾಯಿತು.

"ಇವರೆಲ್ಲ ನನ್ನನ್ನ ಬೆಕ್ಕಿನಮ್ಮ ಅಂತಾರೆ. ನಲವತ್ತು ಬೆಕ್ಕು ಹೋಗುತ್ತೆ ಅಂತ ಗೊತ್ತಿದ್ದೂ ನನ್ನದೊಂದನ್ನ ಬಚ್ಚಿಟ್ಟುಕೊಂಡೋಳು ನಾನು. ನೀವು ನೌಕರಿಗೆ ಮಾಡಿದ್ರಿ. ನಾನೂ ಅದಕ್ಕೇ ಮಾಡಿದ್ದು."

ಅವರು ನೆಲದಲ್ಲಿ ಬಿದ್ದಿದ್ದ ಉಳಿಯನ್ನು ಎತ್ತಿ ಅವನಿಗೆ ಕೊಟ್ಟರು. ಆಮೇಲೆ, "ಆ ಗುಂಡಿ ಎಲ್ಲಿದೆ, ತೋರಿಸ್ತೀರಾ?" ಎಂದರು.

ಮರುದಿನ ಬೆಳಗ್ಗೆ ಇಬ್ಬರೂ ಬಸ್ಸು ಹಿಡಿದು ಹೋದರು. ಎರಡು ಬಸ್ಸು ಬದಲಾಯಿಸಬೇಕಾಯಿತು. ಬಯಲಿದ್ದಲ್ಲಿ ಈಗ ಗೋದಾಮುಗಳು. ಗುಂಡಿಯಿದ್ದ ಜಾಗದಲ್ಲಿ ಕಾಂಕ್ರೀಟು ಹಾಕಿ ಲಾರಿಗಳನ್ನು ನಿಲ್ಲಿಸಿದ್ದರು. ಟೀಚರಮ್ಮ ತಂದಿದ್ದ ಬಟ್ಟಲನ್ನು ಬೇಲಿಯ ಬುಡದಲ್ಲಿಟ್ಟು ನೀರು ಸುರಿದರು. ಕಾವಲುಗಾರ ಬಂದು ನೋಡಿದ.

"ಯಾರಿಗೆ ಅಮ್ಮ ಇದು?"

"ಬೆಕ್ಕುಗಳಿಗೆ."

"ಒಳ್ಳೇ ಕೆಲಸ. ನಾನೂ ಇಟ್ಟು ನೋಡಿದೀನಿ, ಮನೆಯಿಂದ ಮೀನಿನ ತಲೆ ಕೂಡ ತಂದೆ. ಊರೆಲ್ಲ ಬೆಕ್ಕು, ಇಲ್ಲಿಗೆ ಮಾತ್ರ ಒಂದೂ ಬರಲ್ಲ. ಬೇಲಿವರೆಗೂ ಬರ್ತವೆ, ನಿಲ್ತವೆ, ಏನೋ ಕೇಳಿಸಿಕೊಂಡ ಹಾಗೆ ಕಿವಿ ನೆಟ್ಟಗೆ ಮಾಡ್ತವೆ, ವಾಪಸ್ ಹೋಗ್ತವೆ. ನನಗಂತೂ ಏನೂ ಕೇಳಿಸಲ್ಲಪ್ಪ."

ಡ್ರೈವರ್ ಟೀಚರಮ್ಮನ ಮುಖ ನೋಡಿದ. ಅವರು ತಲೆಯನ್ನು ಒಂದು ಕಡೆಗೆ ವಾಲಿಸಿ, ಉಸಿರು ಬಿಗಿಹಿಡಿದು ನಿಂತಿದ್ದರು. ಅವರಿಗೂ ಕೇಳಿಸುತ್ತಿದೆ ಎಂದು ಅವನಿಗೆ ಅರ್ಥವಾಯಿತು. ಕಾಂಕ್ರೀಟಿನ ಅಡಿಯಿಂದ, ಮೂರು ಸಲ, ಆಮೇಲೆ ಎರಡು.

ಬಸ್ಸಿನಲ್ಲಿ ವಾಪಸು ಬರುವಾಗ ಅವರು, "ನನ್ನ ಪಾಲಿನದು ನಾನು ಬೀದಿಗೆ ಹೇಳ್ತೀನಿ. ನಿಮ್ಮ ಪಾಲಿನದು ನೀವು ಹೇಳಿ" ಎಂದರು.

"ಹೇಳಿದ್ರೆ ಸದ್ದು ನಿಲ್ಲುತ್ತಾ?"

"ನಿಲ್ಲಲಿ ಅಂತ ಹೇಳೋದಲ್ಲ."

ಭಾನುವಾರ ಅಂಗಡಿ ತುಂಬಿರುವಾಗ ಇಬ್ಬರೂ ಹೇಳಿದರು. ಟೀಚರಮ್ಮ ಪಾಠ ಒಪ್ಪಿಸಿದಂತೆ, ನಿಂತುಕೊಂಡೇ ಹೇಳಿದರು. ಡ್ರೈವರ್ ಕುರ್ಚಿಯ ಬೆನ್ನು ಹಿಡಿದು, ನೆಲ ನೋಡುತ್ತಾ ಹೇಳಿದ. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಬಡಗಿ ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು, ಹೆಗಲ ಮೇಲಿನ ಬಟ್ಟೆ ತೆಗೆದಿಟ್ಟು ಹೊರಟುಹೋದ. ಆ ವರ್ಷ ಅವನ ಮನೆಯ ಮೂರೂ ಬೆಕ್ಕುಗಳು ಹೋಗಿದ್ದವು. ದರ್ಜಿ ಟೀಚರಮ್ಮನನ್ನು ಮೆಟ್ಟಿಲವರೆಗೂ ಕೈಹಿಡಿದು ಬಿಟ್ಟುಬಂದ, ಆದರೆ ಮೇಲೆ ಹತ್ತಿಸಲಿಲ್ಲ. ಅಂಚೆ ಕಚೇರಿಯ ಗುಮಾಸ್ತೆ ಮೂಗು ಒರೆಸಿಕೊಂಡು, "ನಾನಾಗ ಟೀಚರಮ್ಮನ ಕ್ಲಾಸಲ್ಲೇ ಇದ್ದೆ. ಮುಟ್ಟಬೇಡಿ ಅಂದಿದ್ರು. ನಾನೂ ಮನೇಲಿ ಹೇಳಲಿಲ್ಲ" ಎಂದಳು, ಯಾರೂ ಕೇಳದಿದ್ದರೂ.

ಬಟ್ಟಲುಗಳು ಎಂದಿನಂತೆ ತುಂಬಿದವು. ಬೀದಿಯವರು ಡ್ರೈವರ್‌ಗೆ ದಾರಿ ಬಿಟ್ಟು ನಡೆಯತೊಡಗಿದರು, ಅಪರಿಚಿತನಿಗೆ ಬಿಡುವ ಹಾಗೆ. ಬೆಕ್ಕುಗಳು ಮಾತ್ರ ಬರುತ್ತಲೇ ಇದ್ದವು. ಅದು ಅವನಿಗೆ ಸಮಾಧಾನ ಕೊಡಲಿಲ್ಲ. ಅವುಗಳಿಗೆ ಏನೂ ಗೊತ್ತಿಲ್ಲ ಎಂಬುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮಗಳು ಎರಡು ದಿನ ಅವನೊಂದಿಗೆ ಮಾತಾಡಲಿಲ್ಲ. ತಟ್ಟೆ ಇಡುತ್ತಿದ್ದಳು, ತೆಗೆಯುತ್ತಿದ್ದಳು. ಮೂರನೆಯ ದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಕತ್ತರಿಗಳನ್ನು ಒರೆಸುತ್ತಾ ಕೇಳಿದಳು.

"ಆಗ ನನಗೆ ಎಷ್ಟು ವರ್ಷ?"

"ಏಳು."

"ಅಮ್ಮ ಆಸ್ಪತ್ರೆಲಿದ್ಳು ಅಲ್ವಾ ಆಗ?"

"ಹೌದು. ಹದಿನೈದು ದಿನ."

"ಹಾಗಾದ್ರೆ ಅವತ್ತು ಕೆಲಸ ಮುಗಿಸಿ ಮನೆಗೆ ಬಂದು ನನಗೆ ತಲೆ ಬಾಚಿ ಜಡೆ ಹಾಕಿದ್ದು ನೀನೇ."

ಅವನಿಗೆ ನೆನಪಿತ್ತು. ಸೋಪು ಹಾಕಿ ಮೂರು ಸಲ ಕೈ ತೊಳೆದುಕೊಂಡಿದ್ದ. ಅವಳು ಮಣೆಯ ಮೇಲೆ ಕೂತು, ಸಿಕ್ಕು ಎಳೆದಾಗಲೆಲ್ಲ ಆಯ್ ಅನ್ನುತ್ತಾ ಶಾಲೆಯ ಕತೆ ಹೇಳುತ್ತಿದ್ದಳು. ರಸ್ತೆ ದಾಟುವಾಗ ಒಂದು ದೊಡ್ಡ ಲಾರಿ ನಮಗೋಸ್ಕರ ನಿಂತುಕೊಂಡಿತಪ್ಪ ಎಂದು ಹೇಳಿದ್ದಳು.

"ಹೌದು, ನಾನೇ" ಎಂದ.

ಮಗಳು ಕತ್ತರಿ ಕೆಳಗಿಟ್ಟಳು. ಅವನ ಎರಡೂ ಕೈಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ, ಇನ್‌ಸ್ಪೆಕ್ಟರ್ ಇಲ್ಲದ ಕುರ್ಚಿಯನ್ನು ಕನ್ನಡಿಯ ಕಡೆಗೆ ತಿರುಗಿಸಿ, "ಕೂತ್ಕೋ, ಕೂದಲು ಬೆಳೆದಿದೆ" ಎಂದಳು. ಅವನು ಕೂತ. ಅವಳು ಅವನ ಹಣೆಯ ಮೇಲೆ ಕೈಯಿಟ್ಟು ತಲೆಯನ್ನು ನೇರ ಮಾಡಿದಳು. ಆ ಕೈ ತಣ್ಣಗಿತ್ತು. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.