ನೂರ ನಲವತ್ತಮೂರನೆಯ ಹೆಸರು

ಮದುವೆಗೆ ಮೊದಲೇ ಮಗು ಹುಟ್ಟಿದೆ ಎಂದು ಕಂಪ್ಯೂಟರು ಹೇಳಿತು. ಹೇಳಿ, ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ, ಈಗೇನು ಮಾಡಲಿ ಎಂದು ಕೇಳಿತು.

ರವಿಚಂದ್ರ ಕುರ್ಚಿಗೆ ಒರಗಿದ. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಗಣಿತ ಹೇಳುವವನಿಗೆ ಯಂತ್ರದ ಮೇಲೆ ಸಿಟ್ಟು ಬರಬಾರದಿತ್ತು. ಬಂತು. ಹಳೆಯ ಪ್ರೋಗ್ರಾಂ ಹೀಗೆಲ್ಲ ಕೇಳುತ್ತಿರಲಿಲ್ಲ. ಕೊಟ್ಟದ್ದನ್ನು ನುಂಗಿಕೊಂಡು ಐದು ವರ್ಷ ಸುಮ್ಮನಿತ್ತು. ವಂಶದ ನೂರ ನಲವತ್ತಮೂರು ಹೆಸರುಗಳನ್ನು ಅದರಿಂದ ಫ್ಲಾಪಿಗೆ ಇಳಿಸಿ, ಫ್ಲಾಪಿಯಿಂದ ಈ ಹೊಸ ಪ್ರೋಗ್ರಾಮಿಗೆ ಏರಿಸುವುದು ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದ. ನೂರ ನಲವತ್ತೆರಡು ಜನ ತಕರಾರಿಲ್ಲದೆ ಬಂದರು. ಒಬ್ಬಳು ಹೊಸ್ತಿಲಲ್ಲೇ ನಿಂತಳು.

ಅನಸೂಯ. ಹುಟ್ಟಿದ್ದು ೧೯೫೦. ತಾಯಿ ಅಕ್ಕಯಮ್ಮ, ತಂದೆ ದೊಡ್ಡಬೀರಪ್ಪ. ಅವರ ಮದುವೆ ೧೯೫೬.

ಯಂತ್ರ ಹೇಳಿದ್ದು ಸರಿಯಾಗಿಯೇ ಇತ್ತು. ಅವನ ತಾಯಿ ಅಕ್ಕಯಮ್ಮ ಮೊದಲು ಪಿಳ್ಳಣ್ಣ ಎಂಬವನ ಹೆಂಡತಿ. ಆತ ಸತ್ತ ಮೇಲೆ ಆರು ವರ್ಷದ ಮಗಳು ಅನಸೂಯಳ ಕೈ ಹಿಡಿದುಕೊಂಡು ದೊಡ್ಡಬೀರಪ್ಪನಿಗೆ ಕೂಡಿಕೆಯಾಗಿ ಬಂದವಳು. ಕೂಡಿಕೆಗೆ ಧಾರೆಯಿಲ್ಲ, ಓಲಗವಿಲ್ಲ. ಕುಲದವರ ಮುಂದೆ ಒಂದು ಸೀರೆ ಕೊಟ್ಟರೆ ಮುಗಿಯಿತು. ಹಾಗೆ ಬಂದವಳು ಶುಭಕಾರ್ಯದಲ್ಲಿ ಹಸೆಯ ಹತ್ತಿರ ಸುಳಿಯುವಂತಿಲ್ಲ. ಹಳೆಯ ಪ್ರೋಗ್ರಾಮಿನಲ್ಲಿ ಕೂಡಿಕೆ ಎಂಬ ಕಾಲಮ್ಮೇ ಇರಲಿಲ್ಲ. ಮದುವೆ ಎಂದು ಹಾಕಿ, ಅಕ್ಕನನ್ನೂ ತನ್ನ ಅಪ್ಪನ ಕೆಳಗೇ ಸೇರಿಸಿದ್ದ. ಯಾರೂ ನೋಡದಿರುವಾಗ ಧಾರಾಳಿಯಾಗುವುದು ಸುಲಭ.

ಅವನ ಮದುವೆಯಲ್ಲಿ ಹೆತ್ತ ತಾಯಿ ಅಡುಗೆ ಕೋಣೆಯ ಬಾಗಿಲ ಹಿಂದೆ ನಿಂತು ಧಾರೆ ನೋಡಿದ್ದಳು. ಅವಳಿಗೆ ಮಂಡಿನೋವು ಎಂದು ಹೆಣ್ಣಿನ ಕಡೆಯವರಿಗೆ ಹೇಳಿದವನು ಅವನೇ. ಅನಸೂಯಳನ್ನು ಹೆಂಡತಿ ಅಕ್ಷತಳಿಗೆ ‘ದೊಡ್ಡಮ್ಮನ ಮಗಳು’ ಎಂದು ಪರಿಚಯಿಸಿದವನೂ ಅವನೇ. ಅಕ್ಕ ಅಲ್ಲೇ ನಿಂತಿದ್ದಳು. ಅಕ್ಷತಳ ಕೈಗೆ ಬಳೆ ತೊಡಿಸಿದಳು.

ನಾಳೆ ಸಾಸಲಿನಲ್ಲಿ ಮನೆದೇವರ ಪೂಜೆ. ವಂಶದ ಪಟವನ್ನು ಗುಡಿಯ ಗೋಡೆಗೆ ಅಂಟಿಸಬೇಕೆಂದು ಚಿಕ್ಕಪ್ಪ ಬೈರಪ್ಪ ಹೇಳಿಟ್ಟಿದ್ದರು. ಅಕ್ಷತಳ ತಂದೆಯೂ ಬರುತ್ತಾರೆ. ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದುವವರ ಪೈಕಿ.

ಪರದೆಯ ಮೇಲೆ ಮೂರು ಗುಂಡಿಗಳಿದ್ದವು. ತಾರೀಖು ತಿದ್ದು. ಬೇರೆ ತಂದೆಯನ್ನು ಸೇರಿಸು. ಕೈಬಿಡು.

ತಾರೀಖು ತಿದ್ದಿದರೆ ಅನಸೂಯ ಸ್ವಂತ ಅಕ್ಕನಾಗುತ್ತಾಳೆ. ಹಾಗಾದರೆ ದೊಡ್ಡಮ್ಮನ ಮಗಳು ಅಂದಿದ್ದೇಕೆ ಎಂದು ಅಕ್ಷತ ಕೇಳುತ್ತಾಳೆ. ಬೇರೆ ತಂದೆ ಬಂದರೆ ಅವ್ವನ ಹೆಸರಿನ ಪಕ್ಕ ‘ಎರಡನೆಯ ಮದುವೆ’ ಎಂದು ಬೀಳುತ್ತದೆ, ಅದರ ಕೆಳಗೆ ಅವನು ನೇತಾಡುತ್ತಾನೆ. ನಾಚಿಕೆಯಾಯಿತು. ಯಾವುದಕ್ಕೆ ನಾಚಿಕೆ ಎಂದು ವಿಚಾರಿಸಲು ಹೋಗದೆ ಮೂರನೆಯದನ್ನು ಒತ್ತಿದ.

ಕೆಲಸ ಯಶಸ್ವಿಯಾಗಿ ಮುಗಿದಿದೆ ಎಂದಿತು ಕಂಪ್ಯೂಟರು.

ಪ್ರಿಂಟರು ಕಿರುಗುಟ್ಟುತ್ತಿದ್ದಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಅನಸೂಯ. ನಾಳೆಯ ಪೂಜೆಗೆಂದು ರಾಜಘಟ್ಟದಿಂದ ಬಸ್ಸು ಹತ್ತಿ ಬಂದಿದ್ದಳು. ಕೈಯಲ್ಲಿ ಕುಂಕುಮದ ಪೊಟ್ಟಣ.

“ಉಂಡ್ಯೇನೋ?”

“ಹೂಂ.”

“ಸುಳ್ಳು. ಬಾಯೆಲ್ಲಾ ಒಣಗೈತೆ. ಅಕ್ಷತ ಎಲ್ಲಿ?”

“ಹೊಸಕೋಟೆಗೆ ಹೋಗಿದ್ದಾಳೆ, ಅವರಪ್ಪನ್ನ ಕರ್ಕೊಂಡು ಬರೋಕೆ.”

“ಇದೇನಾ ನಿಮ್ ಚಿಕ್ಕಪ್ಪ ಹೇಳ್ತಿದ್ದ ಪಟ?”

ಅವನು ಹಾಳೆಗಳನ್ನು ನೆಲದ ಮೇಲೆ ಜೋಡಿಸಿದ. ಅವಳು ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿ ಕುಳಿತಳು. ಕನ್ನಡವೇ ಓದಲು ಬಾರದವಳಿಗೆ ಇಂಗ್ಲಿಷಿನ ಚೌಕಗಳು.

“ಅವ್ವ ಎಲ್ಲವ್ಳೆ?”

ತೋರಿಸಿದ. ಅವಳು ಆ ಚೌಕ ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡಳು.

“ನೀನು?”

“ಇಲ್ಲಿ.”

“ನಾನು?”

ನೀನಿಲ್ಲ ಅಕ್ಕ ಎನ್ನಬೇಕಿತ್ತು. ಅವನ ಹೆಸರಿನ ಎಡಕ್ಕೆ ಇನ್ನೊಂದು ಚೌಕವಿತ್ತು. ಅವನಿಗಿಂತ ಮೊದಲು ಹುಟ್ಟಿ ಮೂರೇ ದಿನಕ್ಕೆ ಹೋದ ಮಗುವಿನದು. ಹೆಸರಿಲ್ಲದೆ ಪ್ರೋಗ್ರಾಂ ಒಪ್ಪುವುದಿಲ್ಲವೆಂದು ಬರೀ ‘ಬೇಬಿ’ ಎಂದು ಹಾಕಿದ್ದ. ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು.

“ನಿನ್ನ ಪಕ್ಕದಾಗೇನಾ!” ಅನಸೂಯ ಜೋರಾಗಿ ನಕ್ಕಳು. ಆಮೇಲೆ ದನಿ ತಗ್ಗಿಸಿ, “ಎಲ್ಲಾದ್ರೂ ಮೂಲೇಲಿ ಹಾಕಿರ್ತೀಯ ಅಂದ್ಕೊಂಡಿದ್ದೆ ಕಣೋ,” ಅಂದಳು.

ಅವನು ಹಾಳೆಯ ಅಂಚು ನೇರ ಮಾಡಿದ.

“ಆ ಕೂಸು? ನಿನಗಿಂತ ಮುಂಚೆ ಹುಟ್ತಲ್ಲ, ಅದು ಎಲ್ಲೈತೆ?”

“ಅದನ್ನ ಹಾಕಿಲ್ಲ ಅಕ್ಕ.”

“ಯಾಕೋ?”

“ಜಾಗ ಇರ್ಲಿಲ್ಲ.”

ಅವಳ ಮುಖ ಸಣ್ಣದಾಯಿತು. “ಮೂರು ದಿನಾನೂ ನಾನೇ ಎತ್ಕೊಂಡಿದ್ದೆ. ಹಾಕ್ಬೇಕಿತ್ತು ಕಣೋ. ಪಾಪ, ಅದರ ಕಡೆ ಕೇಳೋರು ಯಾರವ್ರೆ? ಹುಟ್ಟಿದ್ದಂತೂ ದಿಟ ಅಲ್ವಾ?”

ರವಿಚಂದ್ರ ಕೈಯಲ್ಲಿದ್ದ ಫ್ಲಾಪಿಯನ್ನು ತಿರುವುತ್ತ ಕುಳಿತ. ಈಗಲೂ ಸರಿ ಮಾಡಬಹುದು, ಐದು ನಿಮಿಷ ಸಾಕು ಅನ್ನಿಸಿತು. ಹೊರಗೆ ಆಟೋ ನಿಂತಿತು. ಅಕ್ಷತಳ ದನಿ, ಅವಳ ತಂದೆಯ ಕೆಮ್ಮು.

ಅನಸೂಯ ಪೊಟ್ಟಣ ಬಿಚ್ಚಿ, ಅವ್ವನ ಚೌಕಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟಳು. ಅವನದಕ್ಕೆ ಒಂದು. ಕೊನೆಗೆ, ಕೊಂಚ ನಾಚಿಕೊಂಡು, ತನ್ನದಕ್ಕೂ ಒಂದು ಇಟ್ಟು ಅಂಚು ಒರೆಸಿ ಚೊಕ್ಕ ಮಾಡಿದಳು.

“ಇದ್ರಾಗೆ ನಂದು ಏನೇನು ಬರ್ದಿದ್ದೀಯೋ, ಓದು. ಕೇಳ್ಬೇಕು ನಾನು.”

ಅವನು ಬಗ್ಗಿದ. ಕೆಂಪಿನಡಿಯಲ್ಲಿ ಹುಟ್ಟಿದ ತಾರೀಖಿತ್ತು, ಅದರ ಮಗ್ಗುಲಲ್ಲೇ ಸತ್ತ ತಾರೀಖು. ಅವಳು ಕಾಯುತ್ತಿದ್ದಳು.